ಬೀದರಿಗೆ ಗ್ರೀಕ್ ವಿದ್ಯೆ ಬಂದ ಎರಡು ದಾರಿಗಳು

ಔರಾದ್ ತಾಲ್ಲೂಕಿನ ಸಂತಪುರದಲ್ಲಿ ವಿಜ್ಞಾನ ಶಿಕ್ಷಕರ ಸಭೆಯೊಂದಕ್ಕೆ ಹೋಗಿದ್ದಾಗ ಗೋಡೆಗೆ ಅಂಟಿಸಿದ್ದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಅದರ ಮೊದಲ ಸಾಲಿನಲ್ಲೇ ‘ಕೇಂದ್ರ’, ‘ಕಾನೂನು’, ‘ಕಲಂ’ ಎಂಬ ಮೂರು ಪದಗಳು ಒಟ್ಟಿಗೆ ಬಂದಿದ್ದವು. ನನ್ನ ಸರದಿ ಬಂದಾಗ ಆ ಕಾಗದವನ್ನು ತೋರಿಸಿ, ಈ ಮೂರರಲ್ಲಿ ಗ್ರೀಕ್ ಮೂಲದ ಪದ ಯಾವುದೆಂದು ಕೇಳಿದೆ. ಕಾನೂನು ಮತ್ತು ಕಲಂ ಅರಬ್ಬಿ ಪದಗಳು, ಪಾರಸಿಯ ಮೂಲಕ ಬಂದವು ಎಂದರು ಕೆಲವರು. ಕೇಂದ್ರ ಶುದ್ಧ ಸಂಸ್ಕೃತ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೂರೂ ಮೂಲದಲ್ಲಿ ಗ್ರೀಕ್ ಎಂದಾಗ ಸಭೆಯಲ್ಲಿ ಸ್ವಲ್ಪ ಅಸಮಾಧಾನವೇ ಕಾಣಿಸಿತು. ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತು, ‘ಹಾಗಾದರೆ ನಮ್ಮದು ಅಂತ ಏನು ಉಳೀತು ಸರ್?’ ಎಂದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಲೇಖನ ಅದರ ಮುಂದುವರಿಕೆ.

ಮೊದಲು ಪದಗಳನ್ನು ನೋಡೋಣ. ಗ್ರೀಕ್ ಭಾಷೆಯಲ್ಲಿ ‘ಕೆಂತ್ರೋನ್’ ಎಂದರೆ ಎತ್ತನ್ನು ತಿವಿಯುವ ಮೊನಚು ಕೋಲು. ಮುಂದೆ ಅದು ಕೈವಾರದ ಊರಿದ ಮೊನೆಗೆ, ಕೊನೆಗೆ ಆ ಮೊನೆ ಊರಿದ ಬಿಂದುವಿಗೆ ಹೆಸರಾಯಿತು. ‘ಕಾನೋನ್’ ಎಂದರೆ ಅಳತೆಗೆ ಬಳಸುವ ನೇರವಾದ ಕೋಲು. ಅದರಿಂದ ನಿಯಮ ಎಂಬ ಅರ್ಥ. ‘ಕಾಲಮೋಸ್’ ಎಂದರೆ ಜೊಂಡು, ಅದರಿಂದ ಮಾಡಿದ ಲೇಖನಿ. ಮೂರೂ ಕೋಲುಗಳೇ ಎಂಬುದು ತಮಾಷೆಯ ಸಂಗತಿ. ನಮಗೆ ಮುಖ್ಯವಾದದ್ದು ಬೇರೆ. ಕೇಂದ್ರ ಎಂಬ ಪದ ಸಮುದ್ರ ದಾಟಿ ಪಶ್ಚಿಮ ಕರಾವಳಿಗೆ ಬಂದು, ಉಜ್ಜಯಿನಿಯ ಸಂಸ್ಕೃತದಲ್ಲಿ ಬೆರೆತು, ಸುಮಾರು 1500 ವರ್ಷಗಳ ಹಿಂದೆಯೇ ನಮ್ಮದಾಗಿತ್ತು. ಕಾನೂನು ಮತ್ತು ಕಲಂ ಬಂದದ್ದು ಬಾಗ್ದಾದು, ಇರಾನುಗಳನ್ನು ಸುತ್ತಿ, ಸುಲ್ತಾನರ ಕಾಲದಲ್ಲಿ. ಈ ಎರಡು ದಾರಿಗಳಲ್ಲಿ ಪದಗಳಷ್ಟೇ ಬರಲಿಲ್ಲ. ಒಂದು ವಿಜ್ಞಾನವೇ ಬಂತು, ಎರಡು ಬಾರಿ ಬಂತು. ಎರಡು ಬಾರಿಯೂ ಅದು ಇಂದಿನ ಬೀದರ್ ಜಿಲ್ಲೆಯ ನೆಲವನ್ನು ಮುಟ್ಟಿತು.

ಸಮುದ್ರದ ದಾರಿ

ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಗ್ರೀಕ್ ಬಲ್ಲ ವರ್ತಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ನೌಕಾ ಕೈಪಿಡಿಯಲ್ಲಿ ತಗರ ಎಂಬ ಊರಿನ ಪ್ರಸ್ತಾಪವಿದೆ. ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಪ್ರಯಾಣ, ಅಲ್ಲಿಂದ ಬಟ್ಟೆಗಳನ್ನು ಗಾಡಿಗಳಲ್ಲಿ ಹೇರಿ ಭರೂಚಿನ ಬಂದರಿಗೆ ಒಯ್ಯುತ್ತಾರೆ ಎನ್ನುತ್ತದೆ ಆ ಕೈಪಿಡಿ. ಭಾಲ್ಕಿಯಿಂದ ಪಶ್ಚಿಮಕ್ಕೆ ಹೊರಟು ಲಾತೂರು ದಾಟಿದರೆ ಸಿಗುವ ತೇರ್ ಎಂಬ ಊರೇ ಆ ತಗರ. ಭರೂಚಿನಿಂದ ಹೊರಟ ಹಡಗುಗಳು ಈಜಿಪ್ಟಿನ ಬಂದರುಗಳಿಗೆ ಹೋಗುತ್ತಿದ್ದವು. ಸರಕು ಅಲ್ಲಿಂದ ಅಲೆಕ್ಸಾಂಡ್ರಿಯ ತಲುಪುತ್ತಿತ್ತು. ಯೂಕ್ಲಿಡ್ ರೇಖಾಗಣಿತ ಕಲಿಸಿದ, ಟಾಲೆಮಿ ಗ್ರಹಗಳನ್ನು ಲೆಕ್ಕ ಹಾಕಿದ ಊರು ಅದು.

ಹಡಗಿನಲ್ಲಿ ದ್ರಾಕ್ಷಾರಸ, ಹವಳಗಳ ಜೊತೆಗೆ ಲೆಕ್ಕಾಚಾರದ ವಿಧಾನಗಳೂ ಬಂದವು. ಸ್ಫುಜಿಧ್ವಜನ ‘ಯವನಜಾತಕ’ ಹೆಸರಿನಲ್ಲೇ ತನ್ನ ಮೂಲವನ್ನು ಹೇಳಿಕೊಳ್ಳುತ್ತದೆ. 6ನೇ ಶತಮಾನದಲ್ಲಿ ವರಾಹಮಿಹಿರ ಸಂಗ್ರಹಿಸಿದ ಐದು ಸಿದ್ಧಾಂತಗಳಲ್ಲಿ ರೋಮಕ ಮತ್ತು ಪೌಲಿಶ ಎಂಬ ಎರಡು ಪಶ್ಚಿಮದ ಮುದ್ರೆ ಹೊತ್ತಿವೆ. ಆತ ಇದನ್ನು ಮುಚ್ಚಿಡಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಗೌರವಾರ್ಹರು ಎಂಬ ಅಭಿಪ್ರಾಯ ಬೃಹತ್ಸಂಹಿತೆಯಲ್ಲಿದೆ. ‘ಹೋರಾ’ ಎಂಬ ಪದ ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರಗಳು ಬಿದ್ದುಹೋಗಿ ಆದದ್ದು ಎಂದು ಕೆಲವರು ಹೇಳುತ್ತಾರೆ ಎಂದೂ ಆತ ದಾಖಲಿಸಿದ್ದಾನೆ. ಪರಕೀಯ ಪದಕ್ಕೆ ಮನೆಯ ವ್ಯುತ್ಪತ್ತಿ ಹುಡುಕುವ ಅಭ್ಯಾಸ ಇಂದಿನದಲ್ಲ! ಹೋರಾ ಗ್ರೀಕರ ‘ಹೋರ’, ಅಂದರೆ ಒಂದು ಗಂಟೆ.

ಈ ಹೋರೆಯಿಂದಲೇ ವಾರದ ದಿನಗಳ ಕ್ರಮ ಹುಟ್ಟಿತು. ಶನಿವಾರದ ನಂತರ ಭಾನುವಾರವೇ ಏಕೆ ಬರಬೇಕು ಎಂದು ತರಗತಿಯಲ್ಲಿ ಕೇಳಿ ನೋಡಿ; ಉತ್ತರ ಅಂಕಗಣಿತದಲ್ಲಿದೆ. ಗ್ರಹಗಳನ್ನು ಭೂಮಿಯಿಂದ ಅವುಗಳ ದೂರದ ಇಳಿಕೆಯ ಕ್ರಮದಲ್ಲಿ, ಪ್ರಾಚೀನರು ಭಾವಿಸಿದಂತೆ, ಬರೆಯಿರಿ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನಕ್ಕೆ 24 ಹೋರೆಗಳು, ಪ್ರತಿ ಹೋರೆಗೂ ಸರದಿಯಂತೆ ಒಬ್ಬ ಅಧಿಪತಿ, ಮೊದಲ ಹೋರೆಯ ಅಧಿಪತಿಯೇ ಆ ದಿನದ ಅಧಿಪತಿ. 24ನ್ನು 7ರಿಂದ ಭಾಗಿಸಿದರೆ ಶೇಷ 3. ಆದ್ದರಿಂದ ಪ್ರತಿದಿನವೂ ಪಟ್ಟಿಯಲ್ಲಿ ಮೂರು ಹೆಜ್ಜೆ ಮುಂದಕ್ಕೆ ಹೋಗಬೇಕು. ಶನಿಯಿಂದ ಮೂರು ಹೆಜ್ಜೆಗೆ ರವಿ, ರವಿಯಿಂದ ಮೂರು ಹೆಜ್ಜೆಗೆ ಚಂದ್ರ, ಚಂದ್ರನಿಂದ ಮತ್ತೆ ಶನಿಗೆ ಸುತ್ತಿ ಎಣಿಸಿದರೆ ಕುಜ. ಗ್ರಹಗಳು ಗಂಟೆಗಳನ್ನು ಆಳುತ್ತವೆ ಎಂಬ ಕಲ್ಪನೆಗೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವ ಪ್ರತಿಯೊಂದು ಊರೂ ಈ ಲೆಕ್ಕಕ್ಕೆ ಬದ್ಧವಾಗಿದೆ. ಇದರಲ್ಲಿ ಗ್ರಹಗಳ ಅಧ್ಯಯನ ಬಾಬಿಲೋನಿನದು, ದಿನಕ್ಕೆ 24 ಭಾಗ ಈಜಿಪ್ಟಿನದು, ಒಂದರೊಳಗೊಂದು ಗೋಳಗಳ ಕ್ರಮ ಗ್ರೀಕರದು. ಅಂದರೆ ‘ಗ್ರೀಕ್’ ಎಂದು ನಾವು ಕರೆಯುವುದೂ ಒಂದು ಮಿಶ್ರಣವೇ.

ಇದೆಲ್ಲ ಕನ್ನಡಕ್ಕೆ ಇಳಿದದ್ದು ನಮ್ಮ ಜಿಲ್ಲೆಯ ಕಲ್ಯಾಣದಿಂದ, ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯರ ಕಾಲದಲ್ಲಿ. ಆಹವಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಬರೆದನು. ಕನ್ನಡದ ಮೊದಲ ಜ್ಯೋತಿಷ ಗ್ರಂಥವದು. ಫಲಜ್ಯೋತಿಷದಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಕನ್ನಡದಲ್ಲಿ ಶಾಸ್ತ್ರ ಬರೆಯಬಹುದೆಂದು ಸಾವಿರ ವರ್ಷಗಳ ಹಿಂದೆ ತೋರಿಸಿದವನ ಮೇಲೆ ಗೌರವವಿದೆ.

ಬಂದದ್ದನ್ನು ನಮ್ಮವರು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಇದಕ್ಕೆ ಅತ್ಯುತ್ತಮ ಸಾಕ್ಷಿ ಜ್ಯಾ. ಗ್ರೀಕರು ವೃತ್ತದ ಕಂಸಕ್ಕೆ ಎದುರಾದ ಪೂರ್ಣ ಜ್ಯಾವನ್ನು ಕೋಷ್ಟಕದಲ್ಲಿ ಬರೆದರು. ಭಾರತೀಯರು ಅದನ್ನು ಅರ್ಧ ಮಾಡಿದರು. ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಅರ್ಧ ಜ್ಯಾ ಲಂಬಕೋನ ತ್ರಿಭುಜದ ಒಂದು ಬಾಹು. ಇಂದು ನಾವು ಸೈನ್ ಎನ್ನುವುದು ಅದನ್ನೇ. 499ರಲ್ಲಿ ಆರ್ಯಭಟನು 3 ಅಂಶ 45 ಕಲೆಗಳ ಅಂತರದಲ್ಲಿ 24 ಜ್ಯಾಗಳನ್ನು ಕೊಟ್ಟನು. ಆತ ಹಿಡಿದ ವೃತ್ತದ ಪರಿಧಿ 21,600 ಕಲೆ. ಅದನ್ನು 2π ಯಿಂದ ಭಾಗಿಸಿದರೆ ಹತ್ತಿರ ಹತ್ತಿರ 3438. ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. 3438ನ್ನು 60ರಿಂದ ಭಾಗಿಸಿದರೆ 57.3 ಅಂಶ. ಅದು ಒಂದು ರೇಡಿಯನ್! ಉದ್ದವನ್ನೂ ಕೋನವನ್ನೂ ಒಂದೇ ಮಾನದಲ್ಲಿ ಅಳೆಯುವ ಉಪಾಯ ಅದರಲ್ಲಿ ಅಡಗಿದೆ.

ಇನ್ನೂ ಒಂದು ಮಾತು. ನಾವು ಏಳನೆಯ ತರಗತಿಯ ಮಕ್ಕಳಿಗೆ ‘ತ್ರಿಜ್ಯ’ ಎಂದು ಕಲಿಸುತ್ತೇವೆ. ಇಪ್ಪತ್ತು ವರ್ಷ ಆ ಪದವನ್ನು ಕಪ್ಪುಹಲಗೆಯ ಮೇಲೆ ಬರೆದ ನಂತರ ನನಗೆ ಅದರ ಅರ್ಥ ಹೊಳೆಯಿತು. ಮೂರು ರಾಶಿಗಳ ಜ್ಯಾ, ಅಂದರೆ 90 ಅಂಶಗಳ ಜ್ಯಾ, ತ್ರಿಜ್ಯಾ. 90 ಅಂಶದ ಸೈನ್ ಬೆಲೆ 1 ಆದ್ದರಿಂದ ಆ ಜ್ಯಾ ವೃತ್ತದ ಅರ್ಧವ್ಯಾಸಕ್ಕೆ ಸಮ.

ನೆಲದ ದಾರಿ

ಎರಡನೆಯ ದಾರಿ ಸುತ್ತುಬಳಸಿನದು. 8ನೇ ಶತಮಾನದ ಕೊನೆಯ ಭಾಗದಲ್ಲಿ ಬಾಗ್ದಾದಿನ ವಿದ್ವಾಂಸರು ಮೊದಲು ಭಾರತದ ಸಿದ್ಧಾಂತ ಗ್ರಂಥಗಳನ್ನೂ, 9ನೇ ಶತಮಾನದಲ್ಲಿ ಯೂಕ್ಲಿಡ್, ಟಾಲೆಮಿ, ಗೇಲೆನ್ ಮೊದಲಾದವರನ್ನೂ ಅರಬ್ಬಿಗೆ ತಂದರು. ಜ್ಯಾದ ಇನ್ನೊಂದು ರೂಪ ಜೀವಾ. ಅದು ಅರಬ್ಬಿಯಲ್ಲಿ ‘ಜೀಬ’ ಆಯಿತು. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲವಾದ್ದರಿಂದ ಅದನ್ನು ಓದಿದವರು ತಮಗೆ ಪರಿಚಿತವಾದ ‘ಜೈಬ್’ ಎಂದು ಓದಿದರು. ಜೈಬ್ ಎಂದರೆ ಅಂಗಿಯ ಮಡಿಕೆ, ಎದೆಯ ಮೇಲಿನ ತೆರಪು. ಯುರೋಪಿನವರು ಅದನ್ನೇ ಲ್ಯಾಟಿನ್ನಿಗೆ ಅನುವಾದಿಸಿ ‘ಸೈನಸ್’ ಎಂದರು, ಅದು ಸೈನ್ ಆಯಿತು. ಆ ಜೈಬ್ ಪಾರಸಿಯ ಮೂಲಕ ನಮ್ಮ ಕಡೆಗೂ ಬಂದು ‘ಜೇಬು’ ಆಗಿದೆ. ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿಗೂ ತ್ರಿಕೋನಮಿತಿಯ ಸೈನ್‌ಗೂ ಹೆಸರಿನ ಮಟ್ಟಿಗೆ ಇರುವ ಸಂಬಂಧ ಇದು.

ಬಹಮನಿ ಸುಲ್ತಾನ ಫಿರೋಜ್ ಷಾ (1397–1422) ಕಲಬುರಗಿಯಿಂದ ಆಳುತ್ತಿದ್ದ. ಆತ ವಾರದಲ್ಲಿ ಮೂರು ದಿನ ತಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದನೆಂದೂ, ಹಗಲು ಬಿಡುವಾಗದಿದ್ದರೆ ರಾತ್ರಿ ಹೇಳುತ್ತಿದ್ದನೆಂದೂ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಪಠ್ಯಗಳಲ್ಲಿ ಯೂಕ್ಲಿಡ್ ಇತ್ತು, ಖಗೋಳ ವಿಜ್ಞಾನಕ್ಕೆ ‘ತಜ್ಕಿರಾ’ದ ವ್ಯಾಖ್ಯಾನವಿತ್ತು. ಆಸ್ಥಾನದ ಇತಿಹಾಸಕಾರರು ಅರಸರನ್ನು ಹೊಗಳುವವರೇ. ಆದರೂ ಪುಸ್ತಕಗಳ ಹೆಸರು ಹೇಳುವಷ್ಟು ನಿಖರತೆ ಸುಮ್ಮನೆ ಹೊಗಳುವವರಿಗೆ ಬೇಕಾಗುವುದಿಲ್ಲ. 1407ರಲ್ಲಿ ಫಿರೋಜ್ ಷಾ ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಕಟ್ಟಲು ಆಜ್ಞಾಪಿಸಿದ. ಹಕೀಂ ಹಸನ್ ಗಿಲಾನಿ ಮತ್ತು ಸೈಯದ್ ಮಹಮ್ಮದ್ ಕಾಜರೂನಿ ಎಂಬ ವಿದ್ವಾಂಸರಿಗೆ ಅದರ ಹೊಣೆಯಿತ್ತು. ಹಸನ್ ಗಿಲಾನಿ ತೀರಿಕೊಂಡ ಮೇಲೆ ಕೆಲಸ ನಿಂತುಹೋಯಿತು. ಸಮರಕಂದದ ಉಲುಗ್ ಬೇಗನ ಪ್ರಸಿದ್ಧ ವೀಕ್ಷಣಾಲಯ ಎದ್ದದ್ದು ಇದಾದ ಮೇಲೆ.

ತಜ್ಕಿರಾ ಎಂದೆ. ಅದನ್ನು 13ನೇ ಶತಮಾನದಲ್ಲಿ ಬರೆದವನು ಇರಾನಿನ ನಸೀರುದ್ದೀನ್ ತೂಸಿ (1201–1274). ಯೂಕ್ಲಿಡನ ಪರಿಷ್ಕೃತ ಅರಬ್ಬಿ ಪಾಠವೂ ಅವನದೇ. ಟಾಲೆಮಿಯ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಗ್ರಹದ ವೇಗ ಏರಿಳಿಯುವುದನ್ನು ವಿವರಿಸಲು ಆತ, ವೃತ್ತದ ಕೇಂದ್ರವಲ್ಲದ ಬೇರೊಂದು ಬಿಂದುವಿನಿಂದ ನೋಡಿದಾಗ ಮಾತ್ರ ಚಲನೆ ಏಕರೂಪವಾಗಿ ಕಾಣುವಂತೆ ಏರ್ಪಡಿಸಿದ್ದ. ಲೆಕ್ಕ ಸರಿಹೋಗುತ್ತಿತ್ತು. ಆದರೆ ನಿಜವಾದ ಒಂದು ಗೋಳ ತನ್ನ ಕೇಂದ್ರದ ಮೂಲಕ ಹಾಯದ ಅಕ್ಷದ ಸುತ್ತ ಏಕರೂಪವಾಗಿ ತಿರುಗುವುದು ಹೇಗೆ? ಇದು ಭೌತವಿಜ್ಞಾನಿಯ ಪ್ರಶ್ನೆ, ಗಣಿತಜ್ಞನದಲ್ಲ. ಅದಕ್ಕಾಗಿಯೇ ನನಗೆ ತೂಸಿ ಇಷ್ಟ.

ಅವನ ಪರಿಹಾರವನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ದಪ್ಪ ರಟ್ಟಿನಲ್ಲಿ 20 ಸೆಂ.ಮೀ. ವ್ಯಾಸದ ರಂಧ್ರವನ್ನು ಕತ್ತರಿಸಿ. 10 ಸೆಂ.ಮೀ. ವ್ಯಾಸದ ಒಂದು ಬಿಲ್ಲೆ ಮಾಡಿ, ಅದರ ಅಂಚಿಗೆ ಮರಳು ಕಾಗದ ಅಂಟಿಸಿ. ಬಿಲ್ಲೆಯ ಅಂಚಿನಲ್ಲಿ ಒಂದು ಚುಕ್ಕೆ ಗುರುತಿಸಿ, ಅದು ಜಾರದಂತೆ ರಂಧ್ರದ ಒಳ ಅಂಚಿನ ಗುಂಟ ಉರುಳಿಸಿ. ಎರಡು ವೃತ್ತಗಳ ಚಲನೆಯಿಂದ ಆ ಚುಕ್ಕೆ ಡೊಂಕಾದ ದಾರಿ ಹಿಡಿಯುತ್ತದೆಂದು ಮಕ್ಕಳು ಊಹಿಸುತ್ತಾರೆ. ಅದು ದೊಡ್ಡ ವೃತ್ತದ ವ್ಯಾಸದ ಮೇಲೆ ನೆಟ್ಟಗೆ ಆಚೀಚೆ ಓಡಾಡುತ್ತದೆ! ಬಿಲ್ಲೆಯ ತ್ರಿಜ್ಯ r ಆದರೆ, ಕೇಂದ್ರದಿಂದ ಚುಕ್ಕೆಯ ದೂರ 2r ಕಾಸ್ θ. ಏಕರೂಪವಾಗಿ ಉರುಳಿಸಿದರೆ ಇದು ಸರಳ ಸಂಗತ ಚಲನೆಯೇ. ಹೀಗೆ ವೃತ್ತಗಳಿಂದಲೇ ಸರಳರೇಖೆಯ ಚಲನೆ ಪಡೆದು, ತೂಸಿ ಟಾಲೆಮಿಯ ತೊಡಕನ್ನು ಬಿಡಿಸಿದ. 1543ರಲ್ಲಿ ಅಚ್ಚಾದ ಕೊಪರ್ನಿಕಸನ ಗ್ರಂಥದಲ್ಲಿ ಇದೇ ರಚನೆ ಮತ್ತೆ ಕಾಣಿಸಿಕೊಂಡಿತು. ಕೊಪರ್ನಿಕಸನಿಗಿಂತ ಒಂದು ಶತಮಾನಕ್ಕೂ ಹಿಂದೆ ಕಲಬುರಗಿಯಲ್ಲಿ ಇದು ಪಾಠವಾಗಿತ್ತು. ಆ ವಿದ್ಯಾರ್ಥಿಗಳು ಕಲಿತದ್ದು ಗ್ರೀಕ್ ಖಗೋಳವನ್ನಷ್ಟೇ ಅಲ್ಲ, ಅದರ ಮೇಲಿನ ಆಕ್ಷೇಪಣೆಯನ್ನೂ ಕಲಿತರು.

ಫಿರೋಜ್ ಷಾನ ನಂತರ ಅವನ ತಮ್ಮ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ತಂದ. ಮಹಮೂದ್ ಗವಾನ್ ಕಾಸ್ಪಿಯನ್ ಸಮುದ್ರದ ದಂಡೆಯ ಗಿಲಾನಿನಿಂದ 1453ರಲ್ಲಿ ವರ್ತಕನಾಗಿ ಬಂದು ಮಂತ್ರಿಯಾದವನು. ಅವನು 1472ರಲ್ಲಿ ಕಟ್ಟಿಸಿದ ಮದ್ರಸಾ ಇಂದಿಗೂ ನಗರದ ನಡುವೆ ನಿಂತಿದೆ. ಪೂರ್ವ ಪಶ್ಚಿಮವಾಗಿ 205 ಅಡಿ, ಉತ್ತರ ದಕ್ಷಿಣವಾಗಿ 180 ಅಡಿ, ಮೂರು ಅಂತಸ್ತು. ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಹೆರಾತಿನ ಕವಿ ಜಾಮಿಯಂಥವರಿಗೆ ಗವಾನ್ ಬರೆದ ಪತ್ರಗಳು ಉಳಿದಿವೆ. 1481ರಲ್ಲಿ, ಶತ್ರುಗಳು ಸೃಷ್ಟಿಸಿದ ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನನು ಅವನ ತಲೆ ಕಡಿಸಿದ. ಮೊಗಲರ ಕಾಲಕ್ಕೆ ಮದ್ರಸಾದ ಕೋಣೆಗಳಲ್ಲಿ ಸೈನಿಕರು ಮತ್ತು ಮದ್ದು ಸೇರಿಕೊಂಡರು. 1696ರಲ್ಲಿ ಆ ಮದ್ದು ಸಿಡಿದು ಒಂದು ಮಿನಾರು, ಮುಂಭಾಗದ ಅರ್ಧ ಮತ್ತು ದಕ್ಷಿಣದ ಪಾರ್ಶ್ವ ಉರುಳಿದವು. ಪ್ರವಾಸಕ್ಕೆ ಹೋದ ಮಕ್ಕಳಿಗೆ ಹೆಂಚುಗಳ ನೀಲಿ ಬಣ್ಣವನ್ನಷ್ಟೇ ತೋರಿಸಿ ಕರೆತರುತ್ತೇವೆ. ಕಿತ್ತುಹೋದ ಆ ಪಕ್ಕದ ಕಡೆಗೂ ಕರೆದೊಯ್ಯಬೇಕು.

ಎರಡೂ ಕೂಡಿದ ಜಾಗ

ಹಾಗಾದರೆ ಕಲ್ಯಾಣದ ಪಂಚಾಂಗ ಮತ್ತು ಬೀದರಿನ ಮದ್ರಸಾ ಒಂದೇ ಮೂಲದ ಎರಡು ಕವಲುಗಳು. ಕವಲೊಡೆದ ಹಂತ ಮಾತ್ರ ಬೇರೆ. ಸಮುದ್ರದ ದಾರಿಯಲ್ಲಿ ಬಂದದ್ದು ಬಹುಪಾಲು ಟಾಲೆಮಿಗಿಂತ ಹಿಂದಿನ ಗ್ರೀಕ್ ಖಗೋಳ ಎಂಬುದು ಹಲವು ಇತಿಹಾಸಕಾರರ ಮತ; ನೆಲದ ದಾರಿಯಲ್ಲಿ ಬಂದದ್ದು ಟಾಲೆಮಿ ಮತ್ತು ಅವನ ಟೀಕಾಕಾರರು. ಒಂದು ಕಡೆ ಜ್ಯಾ ಎಂದೂ ಇನ್ನೊಂದು ಕಡೆ ಜೈಬ್ ಎಂದೂ ಒಂದೇ ಕೋಷ್ಟಕವನ್ನು ಬಳಸುತ್ತಿದ್ದರು.

ಇವು ಎದುರುಬದುರಾಗಿ ಕುಳಿತ ಒಂದು ಜಾಗ ಬೀದರಿನಲ್ಲೇ ಇತ್ತು. ಅದು ವೀಕ್ಷಣಾಲಯವಲ್ಲ, ಆಸ್ಪತ್ರೆ. ಎರಡನೆಯ ಅಲಾವುದ್ದೀನ್ ಅಹಮದ್ ಷಾ (1436–1458) ಇಲ್ಲೊಂದು ದೊಡ್ಡ ದವಾಖಾನೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಆದಾಯ ಬಿಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಫೆರಿಸ್ತಾ ಹೇಳುತ್ತಾನೆ. ಹಕೀಮರದು ಯುನಾನಿ ಪದ್ಧತಿ. ಯುನಾನ್ ಎಂದರೆ ಅಯೋನಿಯ, ಗ್ರೀಕರ ನಾಡು. ನಮ್ಮ ‘ಯವನ’ವೂ ಅದೇ ಪದ. ಹಿಪಾಕ್ರೆಟಿಸ್ ಅಲ್ಲಿ ಬುಕ್ರಾತ್, ಗೇಲೆನ್ ಅಲ್ಲಿ ಜಾಲೀನೂಸ್, ಇಬ್ನ್ ಸೀನಾನ ವೈದ್ಯಗ್ರಂಥದ ಹೆಸರೇ ಕಾನೂನ್. ಒಬ್ಬರದು ನಾಲ್ಕು ರಸಗಳ ಲೆಕ್ಕ, ಇನ್ನೊಬ್ಬರದು ಮೂರು ದೋಷಗಳದು. ಇಂದಿನ ಶರೀರಕ್ರಿಯಾ ವಿಜ್ಞಾನ ಎರಡನ್ನೂ ಒಪ್ಪುವುದಿಲ್ಲ. ಆದರೆ ಜ್ವರ ಬಂದವನು ಸಿದ್ಧಾಂತಗಳ ತೀರ್ಮಾನಕ್ಕೆ ಕಾಯಲಾರ. ಆದ್ದರಿಂದ ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಸೂರಿನಡಿ ಬರಬೇಕಾಯಿತು. ಆಕಾಶದ ವಿಷಯದಲ್ಲಿ ಅಂಥ ಅವಸರವಿರಲಿಲ್ಲ. ದೆಹಲಿಯಲ್ಲಿ 1370ರಲ್ಲಿ ಮಹೇಂದ್ರ ಸೂರಿ ಎಂಬ ಜೈನ ಯತಿ ಫಿರೋಜ್ ಷಾ ತುಘಲಕನ ಆಸ್ಥಾನದಲ್ಲಿ ಅಸ್ತ್ರಲಾಬದ ಬಗ್ಗೆ ‘ಯಂತ್ರರಾಜ’ವೆಂಬ ಸಂಸ್ಕೃತ ಗ್ರಂಥ ಬರೆದ. ನಮ್ಮ ಕಡೆ, 1570ರ ಬಿಜಾಪುರದ ‘ನುಜೂಮ್ ಅಲ್ ಉಲೂಮ್’ ಎಂಬ ಚಿತ್ರವತ್ತಾದ ಹಸ್ತಪ್ರತಿಯಲ್ಲಿ ಪಾರಸಿ ಮತ್ತು ಭಾರತೀಯ ನಕ್ಷತ್ರಶಾಸ್ತ್ರಗಳು ಒಟ್ಟಿಗೆ ಬರುತ್ತವೆ. ಅದು ಈಗ ಡಬ್ಲಿನ್‌ನ ಗ್ರಂಥಾಲಯವೊಂದರಲ್ಲಿದೆ. ಆದರೆ ಅಲ್ಲಿ ಕೂಡಿದ್ದು ಹೆಚ್ಚಾಗಿ ಭವಿಷ್ಯ ಹೇಳುವ ಭಾಗ, ಅಳೆಯುವ ಭಾಗವಲ್ಲ. ಯೂಕ್ಲಿಡ್ ಮತ್ತು ಟಾಲೆಮಿ ತೂಸಿಯ ಪಾಠದಿಂದ ಸಂಸ್ಕೃತಕ್ಕೆ ಬರಲು 18ನೇ ಶತಮಾನದ ಜಯಸಿಂಹನ ಆಸ್ಥಾನದ ಜಗನ್ನಾಥ ಸಾಮ್ರಾಟನವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ನ್ಯೂಟನ್ನನ ಗ್ರಂಥ ಅಚ್ಚಾಗಿ ಮೂರು ದಶಕಗಳಾಗಿದ್ದವು. ನನಗೆ ನೋವೆನಿಸುವುದು ಈ ತಡ. ಹೊರಗಿನಿಂದ ವಿದ್ಯೆ ಬಂತಲ್ಲ ಎಂಬುದಲ್ಲ.

ಸಂತಪುರದ ಆ ಹಿರಿಯ ಶಿಕ್ಷಕರನ್ನು ಮರಳಿ ಭೇಟಿಯಾದಾಗ ಇಷ್ಟನ್ನೂ ಹೇಳಿದೆ. ಅವರು ಕೇಳಿಕೊಂಡು, ‘ನೌಬಾದಿನ ಸುರಂಗ ಬಾವಿ?’ ಎಂದರು. ಬೀದರಿನ ಪಕ್ಕದಲ್ಲಿ ನೆಲದಡಿ ನೀರು ಹರಿಸುವ ಬಹಮನಿಗಳ ಕಾಲದ ಕರೇಜ್ ಅದು. ತಂತ್ರ ಪಾರಸಿಯವರದು, ಕಡಿದದ್ದು ನಮ್ಮ ಜಂಬಿಟ್ಟಿಗೆ. ಸುರಂಗ ಎಂಬ ಪದವೂ ಗ್ರೀಕರ ‘ಸಿರಿಂಕ್ಸ್’, ಅಂದರೆ ಕೊಳವೆ, ಎಂಬುದರಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ ಎಂದೆ. ಅವರು ನಕ್ಕುಬಿಟ್ಟರು. ‘ನೀರು ನಮ್ಮದು ತಾನೆ?’ ಎಂದರು.

ಮರುತಿಂಗಳು ಅವರು ತಮ್ಮ ಮಕ್ಕಳನ್ನು ಬೀದರಿಗೆ ಕರೆತಂದರು. ಮದ್ರಸಾದ ಉಳಿದಿರುವ ಮಿನಾರಿನ ಎತ್ತರವನ್ನು ನೆರಳಿನಿಂದ ಅಳೆಯುವುದು ಅಂದಿನ ಕೆಲಸ. ಮಿನಾರು ಈಶಾನ್ಯ ಮೂಲೆಯಲ್ಲಿರುವುದರಿಂದ ಮಧ್ಯಾಹ್ನದ ಮೇಲೆ ನೆರಳು ಕಟ್ಟಡದಿಂದ ಆಚೆಗೆ ಬೀಳುತ್ತದೆ. ಒಂದು ಮೀಟರ್ ಕೋಲು ನೆಟ್ಟು ಅದರ ನೆರಳು, ಅದೇ ಕ್ಷಣದಲ್ಲಿ ಮಿನಾರಿನ ನೆರಳು, ಎರಡು ಸಮರೂಪ ತ್ರಿಭುಜಗಳು. ಯೂಕ್ಲಿಡನ ಆರನೆಯ ಪುಸ್ತಕ. ಗುಲಾಂ ಯಾಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರ್ ಕುರಿತ ಗ್ರಂಥದಲ್ಲಿ ಎತ್ತರ 131 ಅಡಿ, ಅಂದರೆ 40 ಮೀಟರ್ ಎಂದಿದೆ. ಮಕ್ಕಳ ಉತ್ತರ ಮೂರು ಸಲವೂ ಅದಕ್ಕಿಂತ ಕಡಿಮೆ ಬಂತು. ಕೋಲು ಬದಲಾಯಿಸಿದರು, ಟೇಪು ಬದಲಾಯಿಸಿದರು. ಕೊನೆಗೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತು, ನಾವು ಟೇಪು ಹಿಡಿದದ್ದು ಇಲ್ಲಿಂದ, ಆದರೆ ಮಿನಾರಿನ ತುದಿ ಇರುವುದು ಇದರ ನಟ್ಟನಡುವಿನ ಮೇಲೆ, ಅಲ್ಲಿಯವರೆಗಿನ ಅಳತೆ ಬಿಟ್ಟುಹೋಗಿದೆ ಎಂದಳು. ಬುಡದ ಸುತ್ತಳತೆ ತೆಗೆದು, ಸುಮಾರಾಗಿ ಅದನ್ನು ವೃತ್ತವೆಂದು ಭಾವಿಸಿ, ತ್ರಿಜ್ಯವನ್ನು ಕಂಡುಹಿಡಿದು ನೆರಳಿನ ಉದ್ದಕ್ಕೆ ಕೂಡಿಸಿದರು.